ಹಳೇ ಬೂದಿ

ಶಾಲಾ ವರ್ಷದ ಕೊನೆಯ ಚರಿತ್ರೆ ಪ್ರದರ್ಶನಕ್ಕೆ ಬಾಂಬಿನ ಸಾಮಾನು ತಂದವರಿಗೆ ಸೊನ್ನೆ ಎಂದು ನಾನು ಮೊದಲೇ ಹೇಳಿಬಿಟ್ಟಿದ್ದೆ. ಪ್ರತಿ ಮೇ ತಿಂಗಳೂ ಅದೇ ಗೋಳು. ಮನೆಯಲ್ಲಿರುವ ಹಳೆಯ ವಸ್ತು ತನ್ನಿ ಎಂದರೆ ಸಾಕು, ಬಾಂಬಿನ ತಗಡು ಕರಗಿಸಿ ಎರಕ ಹೊಯ್ದ ಚಮಚ, ಪ್ಯಾರಾಚೂಟಿನ ಬಟ್ಟೆಯಲ್ಲಿ ಹೊಲಿದ ಮಗುವಿನ ಜೋಳಿಗೆ, ಹಂದಿಗೆ ಮುಸುರೆ ಸುರಿಯುವ ಬಾಂಬಿನ ಅರ್ಧ ಚಿಪ್ಪು. ನಮ್ಮ ಶಾಲೆಯ ಗಂಟೆಯೂ ಅಂಥದೇ ಒಂದು ಚಿಪ್ಪು. ಈ ಶಿಯೆಂಗ್ ಖ್ವಾಂಗ್ ಸೀಮೆಯಲ್ಲಿ ಮನುಷ್ಯರು ಸಾವಿರಾರು ವರ್ಷಗಳಿಂದ ಉಂಡು ಉಟ್ಟು ಬದುಕಿದ್ದಾರೆ, ಅಜ್ಜಿಯರ ಕಾಲದ ಯುದ್ಧದಲ್ಲಿ ವಿಮಾನಗಳಿಂದ ಬಾಂಬು ಬಿದ್ದದ್ದು ಒಂಬತ್ತು ವರ್ಷ. ಆ ಒಂಬತ್ತು ವರ್ಷವೇ ನಮ್ಮ ಚರಿತ್ರೆಯೆಲ್ಲ ಎಂಬಂತೆ ಮಕ್ಕಳು ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಹಾಗಾದ್ರೆ ನಮ್ಮನೇಲಿ ತರೋಕೆ ಏನೂ ಇಲ್ಲ ಟೀಚರ್," ಎಂದ ಫೆತ್ಸಮೋನ್. ತರಗತಿಯ ಬಾಯಿಬಡುಕ ಅವನು. "ಇರೋದೆಲ್ಲ ಆಕಾಶದಿಂದ ಬಿದ್ದಿದ್ದೇ."

"ನಿನ್ನ ತಲೆ ಇದೆಯಲ್ಲೋ, ಯಾರೂ ಉಪಯೋಗಿಸದೆ ಹಾಗೇ ಉಳಿದಿರೋ ಹಳೇ ವಸ್ತು. ಅದನ್ನೇ ತಂದು ಮೇಜಿನ ಮೇಲಿಡು."

ಎಲ್ಲರೂ ನಕ್ಕರು, ಅವನೂ ನಕ್ಕ. ಆದರೆ ಮಾರನೆಯ ವಾರ ಬಂದದ್ದನ್ನು ನೋಡಿ ನನಗೇ ಖುಷಿಯಾಯಿತು. ಮುತ್ತಜ್ಜಿಯ ಮಗ್ಗದ ಲಾಳಿ, ತಾಳೆಗರಿಯ ತುಂಡು, ಎಮ್ಮೆಯ ಕೊರಳಿನ ಮರದ ಗಂಟೆ. ಮೊದಲ ಬಹುಮಾನ ದಾಲಾವನ್‌ಗೆ ಹೋಯಿತು. ಅವಳು ತಂದದ್ದು ಒಂದು ಗಾಜಿನ ಬಾಟಲಿ, ಅದರೊಳಗೆ ತನ್ನ ಅಜ್ಜಿಯ ಅಡುಗೆಮನೆ ಒಲೆಯ ಬೂದಿ. ಕದಡದಂತೆ ಕೆಳಗಿನಿಂದ ಮೇಲಿನವರೆಗೆ ಪದರಪದರವಾಗಿ ತುಂಬಿದ್ದಳು. ಅಡಿಯಲ್ಲಿ ಕಲ್ಲಿನಂತೆ ಗಟ್ಟಿಯಾದ ಕಪ್ಪು ಬೂದಿ, ಅದು ಅಜ್ಜಿ ಮದುವೆಯಾಗಿ ಬಂದ ಕಾಲದ್ದಂತೆ. ಮೇಲೆ ಮೊನ್ನೆ ಮೊನ್ನೆಯ ಬಿಳಿ ಬೂದಿ.

"ಮೇಲಿರೋದು ಆಮೇಲಿನದು, ಕೆಳಗಿರೋದು ಮೊದಲಿನದು," ಎಂದು ನನ್ನ ಮಾತನ್ನೇ ನನಗೆ ಒಪ್ಪಿಸಿದಳು. "ನೀವೇ ಹೇಳ್ಕೊಟ್ಟಿದ್ದಲ್ವಾ ಟೀಚರ್."

ಹದಿನಾಲ್ಕರ ಹುಡುಗಿ, ಕಡ್ಡಿಯಂತೆ ಇದ್ದಳು. ಅಪ್ಪ ಅಮ್ಮ ಥಾಯ್ ದೇಶದಲ್ಲಿ ಕೂಲಿಗಿದ್ದರು, ಇವಳನ್ನು ಸಾಕಿದ್ದು ಅಜ್ಜಿ. ನನ್ನನ್ನು ಕಂಡರೆ ಅವಳಿಗೆ ಎಷ್ಟು ಪ್ರೀತಿಯೆಂದರೆ, ನಾನು ಸೀಮೆಸುಣ್ಣ ಹುಡುಕುವ ಮೊದಲೇ ತಂದು ಕೈಗಿಡುತ್ತಿದ್ದಳು. ನನಗೂ ಅವಳೆಂದರೆ ಜೀವ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಇಡೀ ಶಾಲೆಗೆ ಗೊತ್ತಿತ್ತು.

ಪ್ರದರ್ಶನ ಮುಗಿದ ಮೇಲೆ ತರಗತಿಯ ಪ್ರವಾಸ. ದಾಲಾವನ್‌ಳ ಹಳ್ಳಿಯ ಹಿಂದಿನ ಗುಡ್ಡದ ಮೇಲೆ, ಹುಲ್ಲಿನ ನಡುವೆ, ಮನುಷ್ಯ ಇಳಿದು ಕೂರುವಷ್ಟು ದೊಡ್ಡ ಕಲ್ಲಿನ ಹಂಡೆಗಳಿವೆ. ಯಾರು ಕಡೆದರೋ, ಏಕೆ ಕಡೆದರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ರಾಕ್ಷಸರು ಸಾರಾಯಿ ಕಾಯಿಸಿದರು ಎನ್ನುತ್ತಾರೆ ಹಳ್ಳಿಯವರು, ಸತ್ತವರನ್ನು ಇಡುತ್ತಿದ್ದರು ಎನ್ನುತ್ತಾರೆ ಓದಿದವರು. ನನಗೆ ಬೇಕಾಗಿದ್ದದ್ದು ಒಂದೇ. ಒಂದು ದಿನ, ಒಂದೇ ಒಂದು ದಿನ, ಈ ಮಕ್ಕಳು ಬಾಂಬಿನ ಮಾತಿಲ್ಲದೆ ತಮ್ಮ ನೆಲದ ಮೇಲೆ ಕೂತು ಕೋಳಿ ಸುಟ್ಟುಕೊಂಡು ತಿನ್ನಬೇಕು.

ಹಾಗೆಂದು ಎಚ್ಚರ ಬಿಡಲು ನಾನೇನು ದಡ್ಡಿಯಲ್ಲ. ಬಾಂಬು ತೆಗೆಯುವ ತಂಡದವರು ಹಂಡೆಗಳ ಸುತ್ತ ಮತ್ತು ಕಾಲುದಾರಿಯಲ್ಲಿ ಮಾತ್ರ ಆಳದವರೆಗೆ ನೋಡಿ ಬಿಳಿ ಕಲ್ಲು ನೆಟ್ಟಿದ್ದಾರೆ. ಅದರಾಚೆ ಒಂದಿಷ್ಟು ಜಾಗ ಮೇಲುಮೇಲೆ ನೋಡಿದ್ದು, ಅಲ್ಲಿ ಕೂರಬಹುದು, ಅಗೆಯುವಂತಿಲ್ಲ. ಅದರಾಚೆಗೆ ಏನೂ ನೋಡಿಲ್ಲ. ಮಣ್ಣಿನೊಳಗೆ ಉಳಿದಿರುವ ಬೊಂಬಿ, ಅಂದರೆ ದೊಡ್ಡ ಬಾಂಬಿನ ಹೊಟ್ಟೆಯಿಂದ ಉದುರಿದ ಕಿತ್ತಳೆ ಗಾತ್ರದ ಗುಂಡು, ಮುಟ್ಟಿದರಷ್ಟೇ ಸಿಡಿಯುತ್ತದೆ ಎಂದುಕೊಂಡವರು ನಮ್ಮ ಕಡೆಯವರಲ್ಲ. ಮೇಲೆ ಬೆಂಕಿ ಉರಿದರೆ ಕಾವು ಕೆಳಗಿಳಿದೂ ಸಿಡಿಯುತ್ತದೆ. ನನ್ನ ಚಿಕ್ಕಮ್ಮ ಗದ್ದೆಯ ಬದುವಿನಲ್ಲಿ ಕಳಲೆ ಬೇಯಿಸುತ್ತ ಕೂತವಳು ಎದ್ದು ಬರಲೇ ಇಲ್ಲ. ಅದಕ್ಕೇ ನಮ್ಮಲ್ಲಿ ಹೊರಗೆ ಒಲೆ ಹೂಡುವುದಿದ್ದರೆ ಹಳೇ ಬೂದಿ ಹುಡುಕುತ್ತಾರೆ. ಎಷ್ಟೋ ಬೆಂಕಿ ಉರಿದೂ ಏನೂ ಆಗದ ಜಾಗ ಅದು, ನಂಬಬಹುದು.

"ಹಳೇ ಬೂದಿ ಇದ್ದಲ್ಲೇ ಒಲೆ. ದಪ್ಪಗಿರಬೇಕು, ತಿಳೀತಾ? ಯಾರೋ ಒಂದು ದಿನ ಬೀಡಿ ಸೇದಿ ಹೋದ ಬೂದಿಯಲ್ಲ," ಎಂದು ಹೊರಡುವ ಹಿಂದಿನ ದಿನ ಹೇಳಿದೆ.

"ಗುಡ್ಡದ ಹಳೇ ಒಲೆ ದಾರಿ ಪಕ್ಕ ಬಿಸಿಲಲ್ಲಿದೆ ಟೀಚರ್," ಎಂದಳು ದಾಲಾವನ್. "ನೆರಳಿಗಿದ್ದ ಮರಾನ ಕಡಿದುಬಿಟ್ರು. ನಿಮಗೆ ಬಿಸಿಲಲ್ಲಿ ಕೂತ್ರೆ ತಲೆ ಸಿಡಿಯುತ್ತಲ್ಲ."

"ಸಿಡಿದ್ರೆ ಸಿಡೀಲಿ, ನನ್ನ ತಲೆ ತಾನೆ!"

ಅವಳು ನಗಲಿಲ್ಲ. ಏನೋ ಯೋಚಿಸುತ್ತ ಪುಸ್ತಕ ಜೋಡಿಸಿಕೊಂಡು ಹೋದಳು.

ಅಂದು ರಾತ್ರಿಯಿಡೀ ಮಳೆ ಹೊಡೆಯಿತು. ವರ್ಷದ ಮೊದಲ ದೊಡ್ಡ ಮಳೆ, ನೆಲವನ್ನೇ ತೊಳೆದು ಹಾಕುವಂಥದು. ಬೆಳಗಾಗುವಷ್ಟರಲ್ಲಿ ನಿಂತು, ನಾವು ಲಾರಿಯಲ್ಲಿ ಹೊರಟಾಗ ಬಿಸಿಲು ಚುರುಕಾಗಿತ್ತು. ಹಿಂದೆ ಮಕ್ಕಳು, ಮೂಟೆ, ಕೋಳಿ, ಅಂಟಕ್ಕಿ ಅನ್ನದ ಬಿದಿರು ಬುಟ್ಟಿಗಳು. ಜೊತೆಗೆ ಆಟದ ಮೇಷ್ಟ್ರು ಸಿಸುಕ್, ಯಾವಾಗಲೂ ಹಸಿದಿರುವ ಒಳ್ಳೆಯ ಮನುಷ್ಯ. ಗುಡ್ಡದ ಬುಡದ ಹಳ್ಳಿಯಲ್ಲಿ ದಾಲಾವನ್‌ಳನ್ನು ಹತ್ತಿಸಿಕೊಳ್ಳಲು ನಿಂತೆವು.

ಅವಳ ಅಜ್ಜಿ ಬಿಳಿ ದಾರದ ಉಂಡೆ ಹಿಡಿದು ಕಾಯುತ್ತಿದ್ದಳು. ಪ್ರಯಾಣ ಹೊರಟವರ ಜೀವಗಳು ದಾರಿಯಲ್ಲಿ ಚೆದುರಿಹೋಗದಿರಲಿ ಎಂದು ಮಣಿಕಟ್ಟಿಗೆ ದಾರ ಕಟ್ಟುವುದು ನಮ್ಮ ಪದ್ಧತಿ. ಲಾರಿಯ ಅಂಚಿಗೆ ಚಾಚಿದ ಕೈಗಳಿಗೆಲ್ಲ ಒಂದೊಂದಾಗಿ ಕಟ್ಟಿದಳು, ಆದರೆ ಬಾಯಿ ಮಾತ್ರ ಬೈಯುತ್ತಲೇ ಇತ್ತು.

"ನೋಡವ್ವ ಟೀಚರಮ್ಮ, ಎಂಥ ಕಾಲ ಬಂತು. ಬೆಳಗ್ಗೆ ಎದ್ದು ನೋಡ್ತೀನಿ, ಒಲೇಲಿ ಒಂದು ಹಿಡಿ ಬೂದಿ ಇಲ್ಲ! ಗುಡಿಸಿ ಒಯ್ದಿದಾರೆ. ಗೋಡೆ ಪಕ್ಕದ ಬೂದಿ ಗುಡ್ಡೇನೂ ಇಲ್ಲ. ಪ್ರಯಾಣ ಹೊರಡೋ ದಿನ ಒಲೆ ಬರಿದಾದ್ರೆ ಒಳ್ಳೇದಲ್ಲ ಕಣವ್ವ."

"ಬೂದಿ ಕದಿಯೋ ಕಳ್ಳ ಯಾವನಜ್ಜಿ?" ಎಂದ ಸಿಸುಕ್. "ಕೋಳಿ ಕದ್ದಿದ್ರೆ ಅರ್ಥ ಆಗ್ತಿತ್ತು."

"ನಗ್ರಪ್ಪ ನಗ್ರಿ. ನನ್ನ ಮನಸ್ಸಿಗೆ ಸರಿ ಕಾಣ್ತಿಲ್ಲ." ಅಜ್ಜಿ ಮೊಮ್ಮಗಳ ಕೈಗೆ ಒಂದಲ್ಲ, ಮೂರು ಸುತ್ತು ದಾರ ಕಟ್ಟಿದಳು. ದಾಲಾವನ್ ತಲೆ ತಗ್ಗಿಸಿ ನಿಂತಿದ್ದಳು. ಅವಳ ಲಂಗ ಮೊಣಕಾಲವರೆಗೂ ಒದ್ದೆಯಾಗಿತ್ತು. ಬಾವಿಗೆ ಹೋಗಿ ಬಂದಿರಬೇಕು ಎಂದುಕೊಂಡೆ.

ಗುಡ್ಡದ ಮೇಲೆ ಲಾರಿ ನಿಂತ ಜಾಗದಲ್ಲಿ ಹಳೆಯ ಒಲೆಯಿತ್ತು. ಮೂರು ಕಲ್ಲು, ಮಳೆಗೆ ಕೆಸರಾದ ಬೂದಿ, ಪಕ್ಕದಲ್ಲಿ ಮರದ ಬೊಡ್ಡೆ. ತಲೆಯ ಮೇಲೆ ಬಿಸಿಲು ಬಾಣಲೆಯಂತೆ ಕಾದಿತ್ತು. ನನ್ನ ಎಡಗಣ್ಣಿನ ಹಿಂದೆ ನೋವು ಆಗಲೇ ಶುರುವಾಗಿತ್ತು.

"ಅಕ್ಕಾ, ಇಲ್ನೋಡಿ!" ಸಿಸುಕ್ ದೊಡ್ಡ ಹಂಡೆಯ ಆಚೆಯಿಂದ ಕೂಗಿದ. ಬಿಳಿ ಕಲ್ಲುಗಳಿಗೆ ಸ್ವಲ್ಪ ಆಚೆ, ಮೇಲುಮೇಲೆ ನೋಡಿದ ಜಾಗದಲ್ಲಿ, ದಟ್ಟ ನೆರಳಿನ ಮರದ ಕೆಳಗೆ, ಮೂರು ಕಲ್ಲು ಹೂಡಿದ ಇನ್ನೊಂದು ಒಲೆ. ಒಳಗೆ ಗೇಣು ದಪ್ಪದ ಬೂದಿ. "ಹಳ್ಳಿಯವ್ರು ಇಲ್ಲಿಗೆ ಬದಲಾಯಿಸಿದಾರೆ. ಮರ ಕಡಿದ ಮೇಲೆ ಇನ್ನೇನು ಮಾಡ್ತಾರೆ?"

ನನಗೂ ಹಾಗೇ ಅನ್ನಿಸಿತು. ಬೂದಿ ದಪ್ಪಗಿತ್ತು, ನೆರಳು ತಂಪಾಗಿತ್ತು. ಸಿಸುಕ್ ಕಡ್ಡಿಯಿಂದ ಕೆದಕಿ, "ಒಣಗಿದೆ, ಬೇಗ ಹತ್ಕೊಳ್ಳುತ್ತೆ," ಎಂದ. ಮಕ್ಕಳು ಮರದ ಕೆಳಗೆ ಚಾಪೆ ಹಾಸಿದರು. ಬೆಂಕಿ ಎದ್ದಿತು. ದಾಲಾವನ್ ನನಗಾಗಿ ನೆರಳಿನಲ್ಲೇ ಒಂದು ಮಡಿಸಿದ ಚಾಪೆ ಇಟ್ಟು, "ಇಲ್ಲಿ ಕೂತ್ಕೊಳ್ಳಿ ಟೀಚರ್, ತಲೆನೋವು ಬರಲ್ಲ," ಎಂದಳು. ಅವಳ ಮುಖದಲ್ಲಿ ಬಹುಮಾನ ಬಂದ ದಿನದ ನಗುವಿತ್ತು.

ಕೋಳಿಗಳನ್ನು ಸೀಳುಬಿದಿರಿಗೆ ಸಿಕ್ಕಿಸಿ ಕೆಂಡದ ಮೇಲಿಟ್ಟ ಮೇಲೆ, ಕೆಲವರನ್ನು ಹಂಡೆಗಳ ಬಳಿಗೆ ಕರೆದೊಯ್ದೆ. ಮಳೆ ನೀರು ತುಂಬಿದ ಹಂಡೆಯೊಳಗೆ ಇಣುಕಿ ಫೆತ್ಸಮೋನ್ ತನ್ನ ಮುಖ ನೋಡಿಕೊಂಡ.

"ಇದು ಹಳೇದು ಅಂತ ಹೇಗೆ ಗೊತ್ತು ಟೀಚರ್? ನಮ್ಮ ತಾತನೇ ಕಡೆದು ಇಟ್ಟು ನಿಮಗೆಲ್ಲ ಟೋಪಿ ಹಾಕಿರಬಹುದಲ್ಲ?"

"ಒಳ್ಳೇ ಪ್ರಶ್ನೆ. ಜನ ಟೋಪಿ ಹಾಕ್ತಾರೆ, ಮಣ್ಣು ಹಾಕಲ್ಲ. ಹಂಡೆ ಕೆಳಗಿನ ಮಣ್ಣು ನೋಡಬೇಕು. ಅಡಿಯಲ್ಲಿ ಏನು ಸಿಕ್ಕಿಕೊಂಡಿದೆ ಅಂತ ನೋಡಿದರೆ ಮೇಲಿರೋದು ಯಾವಾಗ ಬಂತು ಅಂತ ತಿಳಿಯುತ್ತೆ." ಇದನ್ನು ಹೇಳುವಾಗ ನನಗೆ ನನ್ನ ಮೇಲೇ ಹೆಮ್ಮೆಯಾಯಿತು. ನಾವು ಬಂದಾಗಿನಿಂದ ಯಾರೂ ಬಾಂಬಿನ ಹೆಸರೆತ್ತಿರಲಿಲ್ಲ.

ನೀರು ಕುಡಿಯಲು ಮರದ ಕಡೆಗೆ ಬಂದೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುರ್ರೆನ್ನುತ್ತಿತ್ತು. ಯಾರೋ ಹೊಸ ಸೌದೆ ಒತ್ತಿದರು, ಬೂದಿಯ ಅಂಚು ಸ್ವಲ್ಪ ಜರುಗಿತು. ಅದರಡಿಯಿಂದ ಹುಲ್ಲು ಕಂಡಿತು.

ಹಸಿರು ಹುಲ್ಲು. ಸುಟ್ಟಿರಲಿಲ್ಲ, ಬಾಡಿಯೂ ಇರಲಿಲ್ಲ. ಮಳೆಯ ತೇವ ಇನ್ನೂ ಅದರ ಬುಡದಲ್ಲಿತ್ತು.

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ರಾತ್ರಿಯಿಡೀ ಮಳೆ ಹೊಡೆದಿದೆ, ದಾರಿ ಪಕ್ಕದ ಬೂದಿ ಕೆಸರಾಗಿದೆ, ಈ ಬೂದಿ ಒಣಗಿದೆ. ಈ ಒಲೆಯಲ್ಲಿ ಇವತ್ತಿನವರೆಗೆ ಬೆಂಕಿ ಉರಿದೇ ಇಲ್ಲ. ಈ ಬೂದಿಯನ್ನು ಯಾರೋ ತಂದು ಸುರಿದಿದ್ದಾರೆ. ಅಜ್ಜಿಯ ಬರಿದಾದ ಒಲೆ ಕಣ್ಣ ಮುಂದೆ ಬಂತು. ತಲೆಯೆತ್ತಿದರೆ ಒಲೆಯಾಚೆ ದಾಲಾವನ್ ನನ್ನನ್ನೇ ನೋಡುತ್ತಿದ್ದಳು, ಆ ಹುಲ್ಲನ್ನೂ ನೋಡಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಕಿರುಚಬೇಕು ಎನ್ನಿಸಿತು. ಕಿರುಚಿದರೆ ಮಕ್ಕಳು ದಿಕ್ಕೆಟ್ಟು ಓಡುತ್ತಾರೆ, ಓಡಿದರೆ ಕಲ್ಲುಗಳಾಚೆಗೂ ಓಡುತ್ತಾರೆ. ಅಯ್ಯೋ, ಆ ಹೊತ್ತಿಗೆ ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ನನಗೇ ಗೊತ್ತಿಲ್ಲ.

"ಫೋಟೋ! ಎಲ್ಲರೂ ಲಾರಿ ಹತ್ರ! ಬಿಸಿಲು ಚೆನ್ನಾಗಿದೆ, ಈಗಲೇ!"

"ಕೋಳಿ ಸೀದುಹೋಗುತ್ತೆ ಅಕ್ಕ," ಎಂದ ಸಿಸುಕ್.

"ಕೋಳಿ ಹಾಳಾಗ್ಲಿ. ಬಿಳಿ ಕಲ್ಲಿನ ದಾರೀಲಿ, ಸಾಲಾಗಿ. ಮೊದಲು ಹೋದವರಿಗೆ ಮುಂದಿನ ಸಾಲು. ಚಾಪೆ ಬಿಡ್ರೋ, ಚಾಪೆಗೆ ಯಾಕೋ ಫೋಟೋ!"

ಗೊಣಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಎದ್ದರು. ಹುಡುಗಿಯರು ಕೂದಲು ಸರಿ ಮಾಡಿಕೊಳ್ಳುತ್ತ ನಿಂತಾಗ ನನಗೆ ಅವರ ಜುಟ್ಟು ಹಿಡಿದು ಎಳೆಯುವಷ್ಟು ಕೋಪ ಬಂತು. ಸಿಸುಕ್‌ನ ಕಿವಿಯ ಬಳಿ, "ಅದು ಹಳೇ ಬೂದಿಯಲ್ಲ," ಎಂದಷ್ಟೇ ಹೇಳಿದೆ. ಅವನು ಹಿಂದೆ ಉಳಿದವರನ್ನು ಎರಡು ಕೈಗಳಲ್ಲೂ ಬಾಚಿಕೊಂಡು ನಡೆದ.

ಲಾರಿಯ ಹತ್ತಿರ ಸಾಲು ನಿಲ್ಲಿಸಿ ಮುಖಗಳನ್ನು ನೋಡುತ್ತ ಹೋದೆ. ದಾಲಾವನ್ ಇರಲಿಲ್ಲ.

ಅವಳು ಮರದ ಕೆಳಗೇ ಇದ್ದಳು. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆ ಎಳೆಯುತ್ತಿದ್ದಳು. ತಾನು ಮಾಡಿದ ತಪ್ಪು, ತಾನೇ ಆರಿಸಬೇಕು ಎಂದು. ಹೊಗೆಯಲ್ಲಿ ಅವಳ ಬಿಳಿ ಅಂಗಿ ಕಾಣುತ್ತಿತ್ತು, ಮರೆಯಾಗುತ್ತಿತ್ತು.

"ಏ ದಾಲಾವನ್, ಬಾರೇ! ನಿನ್ನ ಮುಖ ಇಲ್ದಿದ್ರೆ ಫೋಟೋ ಚೆನ್ನಾಗಿ ಬರುತ್ತೆ ಅಂತಾನಾ?" ಎಂದು ಫೆತ್ಸಮೋನ್ ಕೂಗಿದ. ಅವಳು ತಲೆಯೆತ್ತಲಿಲ್ಲ.

ನಾನು ಅವಳ ಕಡೆಗೆ ಹೊರಟೆ. ಸಿಸುಕ್ ನನ್ನ ತೋಳು ಹಿಡಿದ. ಬಿಡಿಸಿಕೊಂಡೆ, ಮತ್ತೆ ಹಿಡಿದ. ಬೇಡಿಕೊಂಡರೆ ಅವಳು ಬರುವುದಿಲ್ಲ, ಅಳುತ್ತಾಳೆ, ಅಳುತ್ತಲೇ ಕೊಳ್ಳಿ ಎಳೆಯುತ್ತಾಳೆ. ಆಗ ಪ್ರತಿ ಬೆಳಗ್ಗೆ ಹಾಜರಿ ಕೂಗುವ ಗಂಟಲಿನಲ್ಲಿ ಅವಳ ಹೆಸರು ಕೂಗಿದೆ.

"ದಾಲಾವನ್!"

ಅವಳ ಮೈ ತಾನಾಗಿಯೇ ಎದ್ದು ನಿಂತಿತು. ಎರಡೂ ಕೈ ಎದೆಯ ಮುಂದೆ ಜೋಡಿಸಿದಳು. "ಇದ್ದೀನಿ ಟೀಚರ್."

"ಅಲ್ಲಲ್ಲ. ಇಲ್ಲಿ ಬಂದು ಇದ್ದೀನಿ ಅನ್ನು. ನಡ್ಕೊಂಡು ಬಾ. ದಾರಿ ಬಿಡಬೇಡ."

ಅವಳು ಒಮ್ಮೆ ಒಲೆ ನೋಡಿದಳು, ಆಮೇಲೆ ನಡೆದಳು. ಆ ಬಿಳಿ ಕಲ್ಲುಗಳ ನಡುವೆ ಅವಳು ಇಟ್ಟ ಒಂದೊಂದು ಹೆಜ್ಜೆಯನ್ನೂ ಎಣಿಸಿದೆ. ಹತ್ತಿರ ಬಂದವಳ ಕೆನ್ನೆಗೆ ಒಂದು ಬಾರಿಸಿದೆ. ನಂತರ ತಬ್ಬಿಕೊಂಡೆ. ಮಕ್ಕಳೆಲ್ಲ ಬಾಯಿ ತೆರೆದು ನೋಡುತ್ತಿದ್ದರು, ಇನ್ನು ಫೋಟೋದ ಸುಳ್ಳು ಬೇಕಿರಲಿಲ್ಲ. ಆಗಿದ್ದನ್ನು ಹೇಳಿದೆ. ಯಾರೂ ಅಳಲಿಲ್ಲ. ಒಂದನೇ ತರಗತಿಯಿಂದ ಕಲಿತ ಪಾಠವಾದ್ದರಿಂದ ಎಲ್ಲರೂ ಲಾರಿಯ ಹಿಂದೆ ನೆಲಕ್ಕೆ ಕೂತು ಕಿವಿ ಮುಚ್ಚಿಕೊಂಡರು.

ಬೆಂಕಿ ತನ್ನ ಪಾಡಿಗೆ ಉರಿಯಿತು. ಕೋಳಿ ಮೊದಲು ಘಮಘಮಿಸಿತು, ಆಮೇಲೆ ಸೀದ ವಾಸನೆ ಬಂತು, ಆಮೇಲೆ ಬರೀ ಹೊಗೆ. ಸಿಸುಕ್ ಫೋನು ಮಾಡಿದ. ಬಾಂಬು ತೆಗೆಯುವ ತಂಡ ಬರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು, ಒಲೆಯಲ್ಲಿ ಕೆಂಡವೂ ಉಳಿದಿರಲಿಲ್ಲ.

ತಂಡದ ಮುಖ್ಯಸ್ಥೆ ಖೆಮ್ಮಣಿ ಮೆಲುದನಿಯ ಹೆಂಗಸು. ನೆಲ ತಣ್ಣಗಾಗುವವರೆಗೆ ಕಾದು, ಉಪಕರಣ ಹಿಡಿದು ಮರದ ಕೆಳಗೆ ಇಂಚಿಂಚಾಗಿ ನೋಡಿದಳು, ಮೊಣಕಾಲೂರಿ ಮಣ್ಣು ಬಿಡಿಸಿದಳು. ಕೊನೆಗೆ ಎದ್ದು ಬಂದು ಕೈ ಅಲ್ಲಾಡಿಸಿದಳು.

"ಏನೂ ಇಲ್ಲ. ನೆಲ ಶುದ್ಧವಾಗಿದೆ."

ಮಕ್ಕಳು ಹೋ ಎಂದರು. ಫೆತ್ಸಮೋನ್, "ಇಲ್ಲದ ಬಾಂಬಿಗೆ ಕೋಳಿ ಬಲಿ ಕೊಟ್ರಲ್ಲ ಟೀಚರ್!" ಎಂದ. ನಾನೂ ನಕ್ಕೆ, ನಗುತ್ತಲೇ ಕಣ್ಣಲ್ಲಿ ನೀರು ಬಂತು. ದಾಲಾವನ್ ಒಬ್ಬಳೇ ನಗಲಿಲ್ಲ.

"ನಿಮಗೆ ತಲೆನೋವು ಬರಬಾರದು ಅಂತ ಮಾಡ್ದೆ ಟೀಚರ್," ಎಂದಳು. "ಅಜ್ಜಿಗೆ ಹೇಳ್ಬೇಡಿ."

ಅವಳ ಬೆನ್ನು ಸವರಿದೆ. ಖೆಮ್ಮಣಿ ಮಾತ್ರ ಹೋಗದೆ ನಿಂತಿದ್ದಳು.

"ಬೂದಿ ಎಲ್ಲಿಂದ ತಂದೆ ಮಗಳೇ?"

"ಮನೆಯಿಂದ. ಕೋಳಿ ಕೂಗೋ ಹೊತ್ತಿಗೆ, ಮಳೆ ನಿಂತ ಮೇಲೆ."

"ದಾರೀಲಿ ಬಂದ್ಯಾ?"

"ದಾರಿ ಸುತ್ತು. ಹಿಂದಿನ ಇಳಿಜಾರಲ್ಲಿ ಹತ್ತಿದೆ. ಎಮ್ಮೆ ಮೇಯೋ ಕಡೆಯಿಂದ."

ಖೆಮ್ಮಣಿ ಮರದಾಚೆಯ ಇಳಿಜಾರನ್ನು ನೋಡಿದಳು. ಅದು ತಂಡದವರು ಇನ್ನೂ ನೋಡಿರದ ಕಡೆ. ಒದ್ದೆ ಮಣ್ಣಿನಲ್ಲಿ ಹೆಜ್ಜೆಗಳು ಅಚ್ಚು ಹೊಯ್ದಂತೆ ಇಳಿದುಹೋಗಿದ್ದವು. "ಯಾರದೋ ಹೆಜ್ಜೆ ನಂಬಿ ಹೋಗಬಾರದು, ನಿನ್ನದೇ ಅಂತ ಖಾತ್ರಿ ಮಾಡ್ಕೋಬೇಕು," ಎಂದು ಅವಳ ಬಲಗಾಲಿನ ರಬ್ಬರು ಚಪ್ಪಲಿ ಕೇಳಿ ತೆಗೆದುಕೊಂಡಳು. ಉಪಕರಣವನ್ನು ಮುಂದೆ ಚಾಚಿ, ಹೆಜ್ಜೆಗಳ ಜಾಡು ಹಿಡಿದು ನಿಧಾನವಾಗಿ ಕೆಳಗಿಳಿದಳು. ಹುಲ್ಲಿನ ಮರೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿ ಒಂದು ಕೆಂಪು ಬಾವುಟ ಎದ್ದಿತು.

ವಾಪಸು ಬಂದಾಗ ಅವಳ ಹಣೆಯ ಮೇಲೆ ಬೆವರಿತ್ತು. ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಇವಳದೇ ಹೆಜ್ಜೆ. ಬೊಂಬಿ ಇದೆ, ರಾತ್ರಿ ಮಳೆಗೆ ಮೇಲೆದ್ದಿದೆ. ಹಿಮ್ಮಡಿಯ ಅಚ್ಚಿಗೆ ಬೆರಳಷ್ಟು ದೂರ," ಎಂದಳು ನನಗೆ. ಆಮೇಲೆ ಹುಡುಗಿಯ ಕಡೆ ತಿರುಗಿ ಇನ್ನೂ ಮೆಲ್ಲಗೆ ಕೇಳಿದಳು, "ಎಷ್ಟು ಸಲ ಹತ್ತಿ ಇಳಿದೆ?"

"ಎರಡು ಸಲ."

"ಯಾಕೆ ಎರಡು?"

ದಾಲಾವನ್ ನನ್ನ ಮುಖ ನೋಡಿದಳು. "ಒಂದು ಬುಟ್ಟಿ ಸಾಲ್ಲಿಲ್ಲ. ಹಳೇ ಬೂದಿ ದಪ್ಪ ಇರುತ್ತೆ, ತೆಳ್ಳಗಿದ್ರೆ ಟೀಚರ್ ನಂಬಲ್ಲ."

ಖೆಮ್ಮಣಿ ಬಗ್ಗಿ ಚಪ್ಪಲಿಯನ್ನು ಅವಳ ಮುಂದೆ, ಬಿಳಿ ಕಲ್ಲುಗಳ ಒಳಗೆ, ಗಟ್ಟಿ ನೆಲದ ಮೇಲಿಟ್ಟಳು. ದಾಲಾವನ್ ಒಂದೇ ಕಾಲಿನ ಮೇಲೆ ನಿಂತಿದ್ದಳು. ಬರಿಗಾಲನ್ನು ಮೇಲೆತ್ತಿ ಹಿಡಿದಿದ್ದಳು.

"ಕಾಲಿಡು ಮಗಳೇ," ಎಂದೆ. "ಇಲ್ಲಿ ಏನೂ ಇಲ್ಲ. ನಾನು ನಿಂತಿದ್ದೀನಲ್ಲ, ನೋಡು."

ಅವಳು ತಲೆಯಲ್ಲಾಡಿಸಿದಳು. ಮತ್ತೆ ಹೇಳಿದೆ, ಗದರಿದೆ, ಹಾಜರಿಯ ದನಿಯಲ್ಲೂ ಕರೆದೆ. ಈ ಸಲ ಅವಳು ಓಗೊಡಲಿಲ್ಲ, ಕಾಲೂ ಕೆಳಗೆ ಬರಲಿಲ್ಲ. ಕೊನೆಗೆ ನಾನು ಬೆನ್ನು ಕೊಟ್ಟು ಕೂತೆ. ಅವಳನ್ನು ಹೊತ್ತು ಲಾರಿಗೆ ಹತ್ತಿಸಿದೆ, ಅವಳ ಮನೆಯ ಮುಂದೆ ಮತ್ತೆ ಹೊತ್ತುಕೊಂಡೇ ಇಳಿದೆ. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು, ಅವಳಿಗೂ ನಮಗೂ ನಡುವೆ ಅಂಗಳದ ನೆಲವಿತ್ತು. ದಾಲಾವನ್ ನನ್ನ ಕೊರಳು ಬಿಡಲಿಲ್ಲ.